ಐವತ್ತು ಪೈಸೆಯ ಪ್ರಶ್ನೆ

ಕಾರ್ಕಳದ ಸಮೀಪ ನಮ್ಮ ವಾಳೆಯ ಕುಟುಂಬಗಳು ಸಣ್ಣದೊಂದು ಉಳಿತಾಯ ನಿಧಿಯನ್ನು ನಡೆಸುತ್ತಿವೆ. ಅದರ ಬಡ್ಡಿಯ ಲೆಕ್ಕಕ್ಕೆಂದು ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಒಂದು ಪ್ರೋಗ್ರಾಮ್ ಬರೆದುಕೊಟ್ಟ. ಮೊದಲ ಪಟ್ಟಿಯನ್ನು ಕೈಗೆತ್ತಿಕೊಂಡ ಹಿರಿಯ ಬಾಯಿಯೊಬ್ಬರು ಕೇಳಿದರು: "ಬಾಬಾ, ನನಗೆ ಹನ್ನೆರಡೂವರೆ ರೂಪಾಯಿ ಬರಬೇಕು, ಹನ್ನೆರಡು ಎಂದು ಬರೆದಿದ್ದೀಯಲ್ಲ. ನೆರೆಮನೆಯವರ ಹದಿಮೂರೂವರೆಗೆ ಹದಿನಾಲ್ಕು ಬರೆದಿದ್ದೀ. ನನ್ನ ಐವತ್ತು ಪೈಸೆ ಎಲ್ಲಿ ಹೋಯಿತು?"

ಹುಡುಗ ನಿರುತ್ತರನಾದ. ಅವನು ಬಳಸಿದ್ದು ಯಾರೋ ಅಪರಿಚಿತರು ಬರೆದು ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟ ಮುಕ್ತ ತಂತ್ರಾಂಶದ ಒಂದು ಫಂಕ್ಷನ್. ಅಂದರೆ ಹೆಸರು ಹಿಡಿದು ಕರೆದರೆ ನಿಶ್ಚಿತವಾದೊಂದು ಕೆಲಸ ಮಾಡಿಕೊಡುವ ತುಣುಕು. ಅದರ ವಿವರಣೆ ಒಂದೇ ಸಾಲಿನದು: ಸಂಖ್ಯೆಯನ್ನು ಸಮೀಪದ ಪೂರ್ಣಾಂಕಕ್ಕೆ ತರುತ್ತದೆ. ಸುಳ್ಳಲ್ಲ. ಆದರೆ ಹನ್ನೆರಡೂವರೆಗೆ ಹನ್ನೆರಡೂ ಹದಿಮೂರೂ ಸಮಾನ ದೂರದಲ್ಲಿವೆಯಲ್ಲವೇ?

ಉತ್ತರ ದೊರೆತದ್ದು ಆ ತಂತ್ರಾಂಶಕ್ಕೆ ಆಧಾರವಾದ ಪೈಥಾನ್ ಭಾಷೆಯ ಕೈಪಿಡಿಯಲ್ಲಿ. 2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ, ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುವುದು ನಿಯಮ. ಅದಕ್ಕೆ ಮುಂಚೆ, ನಾವು ಶಾಲೆಯಲ್ಲಿ ಕಲಿತಂತೆ, ಅರ್ಧ ಮೇಲಕ್ಕೇ ಹೋಗುತ್ತಿತ್ತು. ಹೊಸ ನಿಯಮದಲ್ಲಿ ವಿವೇಕವಿದೆ. ಎಲ್ಲ ಅರ್ಧಗಳನ್ನೂ ಮೇಲಕ್ಕೇ ಎತ್ತಿದರೆ ದೀರ್ಘ ಲೆಕ್ಕದ ಮೊತ್ತ ಒಂದೇ ಕಡೆಗೆ ವಾಲುತ್ತದೆ. ನಿಯಮ ಅನ್ಯಾಯದ್ದಲ್ಲ, ಅದನ್ನು ಹೇಳದೆ ಬಿಟ್ಟದ್ದರಿಂದ ಅನ್ಯಾಯದಂತೆ ಕಂಡಿತು.

ಹುಡುಗ ಲೆಕ್ಕವೆಲ್ಲ ಪೈಸೆಯಲ್ಲೇ ನಡೆಯುವಂತೆ ತಿದ್ದಿದ. ಪ್ರಕರಣ ಮುಗಿಯಿತೆಂದು ಅವನ ಭಾವನೆ. "ಆ ಸಾಲನ್ನು ಹಾಗೆಯೇ ಬಿಡುತ್ತೀಯಾ?" ಎಂದೆ. "ಅವರು ಬಿಟ್ಟಿಯಾಗಿ ಕೊಟ್ಟದ್ದು, ಮಾಮಾ. ದಾನದ ಹಸುವಿನ ಹಲ್ಲು ಎಣಿಸಬಾರದೆಂದು ನೀವೇ ಹೇಳುವುದಿಲ್ಲವೇ?"

ಗಾದೆ ನಿಜವೇ. ಆದರೆ ಹಲ್ಲು ಎಣಿಸುವುದು ಬೇರೆ, ನಾಳೆ ಹಾಲು ಕರೆಯಲು ಬರುವವನಿಗೆ ಆ ಹಸು ಯಾವ ಕಡೆಯಿಂದ ಒದೆಯುತ್ತದೆಂದು ತಿಳಿಸುವುದು ಬೇರೆ. ಬರೆದವನಿಗೆ ಆ ಕೊರತೆ ಕಾಣಿಸದು, ಅವನಿಗೆ ಎಲ್ಲವೂ ಗೊತ್ತು. ಬಳಸಿ ಪಳಗಿದವನು ತಾನು ಎಡವಿದ್ದನ್ನೇ ಮರೆತಿರುತ್ತಾನೆ. ಈಗಷ್ಟೇ ಎಡವಿದವನೊಬ್ಬನೇ ಸಾಕ್ಷಿ. ಅವನ ನೆನಪೂ ಹೆಚ್ಚು ದಿನ ಹಸಿಯಾಗಿರುವುದಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಬಾಸೆಲ್ ಮಿಷನಿನ ಕಿಟ್ಟೆಲರಿಗೆ ಕನ್ನಡ ತಾಯ್ನುಡಿಯಾಗಿರಲಿಲ್ಲ. ನಮಗೆ ಕೇಳಬೇಕೆಂದೇ ತೋರದ ಪದಗಳನ್ನೂ ಅವರು ಕೇಳಿ ತಿಳಿಯಬೇಕಾಗಿತ್ತು. ಆ ನಿಘಂಟಿನ ಬಲದಲ್ಲಿ ಈ ಹೊರಗಿನವನ ಕಣ್ಣಿಗೂ ಒಂದು ಪಾಲಿದೆ ಎಂದು ನನಗೆ ಅನಿಸುತ್ತದೆ.

ಕೇಳಿದರೆ ದಡ್ಡನೆಂದಾರು ಎಂಬ ಅಳುಕೂ ಹುಡುಗನಿಗಿತ್ತು. ಅದಕ್ಕೇ ಇರಬೇಕು, ಮೊದಲು ಬರೆದದ್ದು ಬರೇ ದೂರು: ನಿಮ್ಮ ವಿವರಣೆ ಅಸ್ಪಷ್ಟವಾಗಿದೆ. ಅಳಿಸೆಂದೆ. ದಿನದ ದುಡಿಮೆ ಮುಗಿಸಿ, ನಿದ್ದೆಗೆಟ್ಟು, ಪರರಿಗಾಗಿ ಇದನ್ನು ನೋಡಿಕೊಳ್ಳುವವರ ತಲೆಗೆ ನಮ್ಮ ಹೊರೆಯನ್ನೂ ಏರಿಸುವುದು ಸರಿಯೇ? ಆಮೇಲೆ ಅವನು ಕೃತಜ್ಞತೆ ಹೇಳಿ, ನಿಯಮವನ್ನು ಎರಡು ಸಾಲಿನಲ್ಲಿ ಬರೆದು, ಕೆಳಗೆ ಉದಾಹರಣೆ ಕೊಟ್ಟ: 12.50 ಎಂದರೆ 12, 13.50 ಎಂದರೆ 14. ಕೆಲವು ದಿನಗಳಲ್ಲಿ ಅದನ್ನು ಸ್ವೀಕರಿಸಿದರು. ಉದಾಹರಣೆಯನ್ನು ಮಾತ್ರ ನಿಯಮಕ್ಕಿಂತ ಮೇಲಕ್ಕೆ ತಂದಿದ್ದರು. ಓದಿದಾಗ ಅದೇ ಮೇಲೆಂದು ನಮಗೂ ತೋರಿತು.

ಬಾಯಿಗೆ ವಿಷಯ ತಿಳಿಸಿದೆವು. "ನನ್ನ ಹೆಸರು ಹಾಕಿದ್ದಾರೆಯೇ?" ಎಂದು ವಿಚಾರಿಸಿದರು. ಇಲ್ಲವೆಂದೆವು.

"ಒಳ್ಳೆಯದಾಯಿತು. ನನ್ನ ಬಡ್ಡಿ ಎಷ್ಟೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು!"