ಭಾಷೆ ಕೊಡುವುದು ಎಂದರೆ

ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ‘ಎಣಿಕೆ = ಎಣಿಕೆ + 1’ ಎಂಬಂಥ ಸಾಲು ಮೇಲಿಂದ ಮೇಲೆ ಬರುತ್ತದೆ. ಗಣಿತದ ಕಣ್ಣಿಗೆ ಇದು ಅಪ್ಪಟ ಸುಳ್ಳು. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಿರಲಾರದು. ಆದರೆ ಆ ಸಾಲು ಹೇಳಿಕೆಯಲ್ಲ, ಕೆಲಸ: ಆ ಹೆಸರಿನಲ್ಲಿ ಇಟ್ಟ ಸಂಖ್ಯೆಗೆ ಒಂದು ಕೂಡಿಸಿ ಮತ್ತೆ ಅಲ್ಲಿಯೇ ಇಡು. ಅದು ನಿಜವೋ ಸುಳ್ಳೋ ಎಂದಲ್ಲ, ಅದರಿಂದ ಏನು ಬದಲಾಯಿತು ಎಂದು ಕೇಳಬೇಕು. ನಮ್ಮ ಮಾತನ್ನೂ ಹೀಗೆ ಕೇಳಬೇಕಾದ ಸಂದರ್ಭಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚು. ವಿಜಯಪುರ ಸೀಮೆಯ ಇಂಡಿಯಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ, ಹೊರಟು ನಿಂತ ಬೀಗರು ಹೊಸ್ತಿಲಲ್ಲಿ ‘ಬರ್ತೀನ್ರಿ’ ಎನ್ನುತ್ತಾರೆ. ಹೋಗುವವರು ಬರುತ್ತೇನೆ ಎಂದರೆ ಯಾರೂ ಅದನ್ನು ಸುಳ್ಳೆನ್ನುವುದಿಲ್ಲ, ಆ ಮಾತು ನಂಟನ್ನು ಕಡಿಯದೆ ಕಾಯುತ್ತದೆ. ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ಆಡುವುದು ಮಾಡುವುದೂ ಹೌದೆಂದು ವಾದಿಸಿದರು. ಕನ್ನಡಕ್ಕೆ ಇದು ಹೊಸತಲ್ಲ. ನಮ್ಮಲ್ಲಿ ‘ವಚನ’ ಎಂದರೆ ಮಾತು, ಕೊಟ್ಟ ಮಾತೂ ಹೌದು. ‘ಭಾಷೆ’ಯನ್ನು ಆಡುತ್ತೇವೆ, ಕೊಡುತ್ತೇವೆ, ತಪ್ಪುತ್ತೇವೆ ಕೂಡ.

ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನೂ ಅವನೊಡನೆ ಕಲ್ಯಾಣದಲ್ಲಿ ಕೂಡಿದ ಶರಣರೂ ಹನ್ನೆರಡನೆಯ ಶತಮಾನದಲ್ಲಿ ಹಿಡಿದ ಹಟ ಇದೇ. ನಡೆಗೆ ಇಳಿಯದ ನುಡಿಗೆ ಅವರಲ್ಲಿ ಬೆಲೆಯಿರಲಿಲ್ಲ. ಶಿವಭಕ್ತರಲ್ಲಿ ಕುಲಭೇದವಿಲ್ಲ ಎಂಬ ಮಾತನ್ನು ಅನುಭವ ಮಂಟಪದಲ್ಲಿ ಆಡಿದಾಗ ಒಪ್ಪಿ ತಲೆದೂಗುವುದು ಸುಲಭವಿದ್ದೀತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆಯಾದಾಗ ಆ ಮಾತಿನ ಅರ್ಥ ಬೀದಿಗೆ ಬಂತು, ಎರಡೂ ಕಡೆಯ ತಂದೆಯರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತು ಎಂದು ಪರಂಪರೆ ಹೇಳುತ್ತದೆ. ಅದೇ ವಾಕ್ಯ, ಅವೇ ಪದಗಳು. ನಿಘಂಟಿನಲ್ಲಿ ಒಂದಕ್ಷರವೂ ಕದಲಿರಲಿಲ್ಲ.

ಹಾಗಾದರೆ ನುಡಿದಂತೆ ನಡೆಯುವುದರಲ್ಲಿ ಪ್ರೋಗ್ರಾಮನ್ನು ಮೀರಿಸಿದ ಶರಣ ಯಾರು ಎಂದು ಯಾರಾದರೂ ಕೇಳಬಹುದು. ಅಲ್ಲಿ ನುಡಿಗೂ ನಡೆಗೂ ಕೂದಲೆಳೆಯ ಅಂತರವಿಲ್ಲ. ಆಕ್ಷೇಪ ಗಟ್ಟಿಯಾದದ್ದೇ. ಆದರೆ ಯಂತ್ರಕ್ಕೆ ಮಾತು ತಪ್ಪುವ ದಾರಿಯೇ ಇಲ್ಲ; ಕೆಟ್ಟು ನಿಂತೀತು, ತಪ್ಪಲಾರದು. ತಪ್ಪಲಾರದ್ದು ಉಳಿಸಿಕೊಳ್ಳಲೂ ಆರದು. ಹರಳಯ್ಯ ಹಿಂದೆ ಸರಿಯಬಹುದಿತ್ತು, ಆದ್ದರಿಂದಲೇ ಅವನು ಸರಿಯದೆ ನಿಂತದ್ದಕ್ಕೆ ಅರ್ಥ. ಓದುವವರಿಗೂ ಇಂಥದೇ ಹೊಣೆಯಿದೆ. ಪ್ರೋಗ್ರಾಮಿನಲ್ಲಿ ಒಂದು ಆವರಣ ಚಿಹ್ನೆ ಬಿಟ್ಟುಹೋದರೆ ಎಲ್ಲವೂ ನಿಲ್ಲುತ್ತದೆ; ಮನುಷ್ಯರ ಬರಹ ಹಾಗಲ್ಲ. ವಿಜಯಪುರದಲ್ಲಿದ್ದು ಶರಣರ ವಚನಗಳ ಕಟ್ಟುಗಳನ್ನು ಅರಸಿ ತಿರುಗಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದ ಫ. ಗು. ಹಳಕಟ್ಟಿಯವರ ಎದುರಿಗಿದ್ದ ತಾಳೆಗರಿಗಳಲ್ಲಿ ಪದಗಳ ನಡುವೆ ತೆರಪೇ ಇರಲಿಲ್ಲ. ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಮುಂದೆ ಅದೇ ಕೆಲಸಕ್ಕೆ ಆಯುಷ್ಯ ಸವೆಸಿದರು. ಎಲ್ಲಿ ಬಿಡಿಸಬೇಕು, ಯಾವ ಪಾಠ ಹಿಡಿಯಬೇಕು ಎಂದು ಪ್ರತಿ ಸಾಲಿನಲ್ಲೂ ಸಂಪಾದಕ ನಿರ್ಧರಿಸಬೇಕು, ಆ ನಿರ್ಧಾರಕ್ಕೆ ತನ್ನ ಹೆಸರಿನಲ್ಲಿ ಉತ್ತರ ಕೊಡಬೇಕು.

ಇಂದಿನ ಭಾಷಾಯಂತ್ರಗಳು ಬಳಕೆಯನ್ನೇ ನೋಡಿ ಕಲಿಯುತ್ತವೆ, ‘ಬರ್ತೀನ್ರಿ’ ಎಂದರೆ ವಿದಾಯವೆಂದು ಅವೂ ಹೇಳಬಲ್ಲವು ಎಂಬುದು ನಿಜ. ಆ ಜಾಣತನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ‘ಬರ್ತೀನ್ರಿ’ ಎಂದವರಿಗೆ ಒಳಗಿನಿಂದ ‘ಹೂಂ, ಹೋಗಿ ಬರ್ರಿ’ ಎಂದ ಮನೆಯವರು ಮುಂದಿನ ಜಾತ್ರೆಗೆ ಅವರ ದಾರಿ ನೋಡುತ್ತಾರೆ; ಬಾರದಿದ್ದರೆ ‘ಯಾಕ ಬರ್ಲಿಲ್ಲ’ ಎಂದು ಕೇಳುತ್ತಾರೆ.