ಕೈಗೆ ಸಿಕ್ಕ ವೈರಿ

ವೈರಿಯು ಕೈಗೆ ಸಿಕ್ಕಾಗ ಅವನಿಗೆ ಸಲ್ಲತಕ್ಕುದೇನು? ರಣದಲ್ಲಿ ಎದುರಾದವನ ಮಾತು ಬೇರೆ. ಅಲ್ಲಿ ಇಬ್ಬರ ಕೈಯಲ್ಲಿಯೂ ಆಯುಧವಿರುತ್ತದೆ. ಆಯುಧವನ್ನೂ ಒಡೆಯನನ್ನೂ ಕಳೆದುಕೊಂಡು ನಮ್ಮ ಕೋಟೆಯೊಳಗೆ ನಿಂತವನ ವಿಷಯದಲ್ಲಿ ಧರ್ಮವೇನು? ಇದು ಪಂಡಿತರ ಚರ್ಚೆಗೆ ಮಾತ್ರ ಮೀಸಲಾದ ಪ್ರಶ್ನೆಯಲ್ಲ. ಕಿತ್ತೂರ ನಾಡಿನಲ್ಲಿ ಇದು ಒಮ್ಮೆ ಪ್ರತ್ಯಕ್ಷವಾಗಿ ಎದುರಾಗಿತ್ತು. ಆ ಸಂಗತಿಯ ಪೂರ್ವಾರ್ಧವನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ಉತ್ತರಾರ್ಧವನ್ನು ಬಲ್ಲವರು ವಿರಳ.

೧೮೨೪ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಕಿತ್ತೂರ ದೇಸಾಯಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ಲಿಂಗೈಕ್ಯನಾದನು. ಆತನ ದತ್ತಕವನ್ನು ಕುಂಪಣಿ ಸರಕಾರವು ಒಪ್ಪಲಿಲ್ಲ. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಖಜಾನೆಗೆ ಮುದ್ರೆ ಹಾಕಿಸಿದನು. ಅಕ್ಟೋಬರ ೨೩ರಂದು ಕೋಟೆಯ ಬಾಗಿಲಿಗೆ ತೋಪುಗಳನ್ನೂ ಹೂಡಿಸಿದನು. ಒಳಗಿನವರು ಬಾಗಿಲು ತೆರೆದು ಮಹಾಪೂರದಂತೆ ನುಗ್ಗಿದರು. ಥ್ಯಾಕರೆಯೂ ತೋಪಿನ ದಳದ ಮೂವರು ಅಧಿಕಾರಿಗಳೂ ಹತರಾದರು. ಗುಂಡು ಅಮಟೂರ ಬಾಳಪ್ಪನದೆಂದು ನಾಡು ಇಂದಿಗೂ ಹೇಳುತ್ತದೆ. ಇಲ್ಲಿಯ ವರೆಗಿನದನ್ನು ಲಾವಣಿಕಾರರು ನಮಗಿಂತ ಚೆನ್ನಾಗಿ ಬಲ್ಲರು.

ಅಂದು ಇಬ್ಬರು ತರುಣ ಅಧಿಕಾರಿಗಳು ಜೀವಂತವಾಗಿ ಸೆರೆಸಿಕ್ಕರು. ಇಬ್ಬರೂ ಥ್ಯಾಕರೆಯ ಸಹಾಯಕರು. ಒಬ್ಬನ ಹೆಸರು ಸ್ಟೀವನ್‌ಸನ್. ಇನ್ನೊಬ್ಬನು ವಾಲ್ಟರ ಎಲಿಯಟ್. ಆಗ ಅವನಿಗೆ ಇಪ್ಪತ್ತೊಂದು ವರುಷ. ಹಲವು ವಾರಗಳ ಕಾಲ ಅವರು ಕಿತ್ತೂರಿನವರ ವಶದಲ್ಲಿದ್ದರು. ಆ ವಾರಗಳಲ್ಲಿ ಕೋಟೆಯೊಳಗಿನವರ ಮನಸ್ಸು ಎಷ್ಟು ಕುದಿಯುತ್ತಿದ್ದಿರಬೇಕೆಂಬುದನ್ನು ವಾಚಕರು ಊಹಿಸಬಹುದು. ಚಾಪ್ಲಿನ್ ಸಾಹೇಬನು ದೊಡ್ಡ ದಂಡು ಕೂಡಿಸಿ ಬರುತ್ತಿದ್ದನು. ಅನ್ಯಾಯವನ್ನು ಕಣ್ಣಾರೆ ಕಂಡ ಜನಕ್ಕೆ ಆ ಅನ್ಯಾಯದ ಎರಡು ಕೈಗಳು ಸಿಕ್ಕಿದ್ದವು. ಆದರೂ ಅವರ ಜೀವಕ್ಕೆ ಅಪಾಯವಾಗಲಿಲ್ಲ. ಡಿಸೆಂಬರಿನ ಆರಂಭದಲ್ಲಿ, ದಂಡು ಕೋಟೆಯ ಮುಂದೆ ನಿಂತಿದ್ದಾಗ, ಇಬ್ಬರನ್ನೂ ಬಿಟ್ಟುಕೊಡಲಾಯಿತು. ಅದರ ಬೆನ್ನಿಗೇ ಕುಂಪಣಿಯ ತೋಪುಗಳು ಮಾತನಾಡಿದವು. ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದಲ್ಲಿ ಸೆರೆಯಾದಳು.

ಇಲ್ಲಿ ಒಂದು ಆಕ್ಷೇಪವನ್ನು ಮುಚ್ಚಿಡಲಾಗದು. ಒತ್ತೆಯಾಳುಗಳನ್ನು ಕಾಯ್ದುಕೊಳ್ಳುವುದು ದಯೆಯಲ್ಲ, ರಾಜಕಾರಣ. ಸತ್ತ ಒತ್ತೆಯಾಳಿಗೆ ಬೆಲೆಯಿಲ್ಲವಾದುದರಿಂದ ಬದುಕಿಸಿದರು, ಎಂದು ಹೇಳುವವರುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ. ರಾಜ್ಯವನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದ ರಾಣಿಯು ಆ ಲೆಕ್ಕವನ್ನು ಹಾಕಲೇ ಇಲ್ಲವೆಂದರೆ ಆಕೆಯ ಬುದ್ಧಿಗೆ ಅಪಚಾರ ಮಾಡಿದಂತೆ. ಆದರೆ ಬಿಟ್ಟುಕೊಟ್ಟ ಗಳಿಗೆಯನ್ನು ನೋಡಿರಿ. ದಂಡು ಮುಂದೆ ನಿಂತಾಗಲೇ ಒತ್ತೆಯಾಳಿನ ಬೆಲೆ ಅತ್ಯಧಿಕ; ಸಂಧಿಯ ಆಸೆ ಎಷ್ಟೇ ಇರಲಿ, ಕಟುಕನಾದವನು ಆಗಲೇ ಕತ್ತಿಯನ್ನು ಕೊರಳಿಗೆ ಹಿಡಿಯುತ್ತಾನೆ. ಬಿಟ್ಟುದೇ ತಪ್ಪಾಯಿತೆಂದು ಮರುಗುವವರಿಗೂ ನಾನು ಒಡಂಬಡಲಾರೆ. ಇಬ್ಬರು ಹುಡುಗರ ತಲೆಗಾಗಿ ಕುಂಪಣಿಯು ಒಂದು ಸಂಸ್ಥಾನವನ್ನು ಬಿಟ್ಟುಬಿಡುತ್ತಿತ್ತೆಂದು ನಂಬುವುದು ಕುಂಪಣಿಯನ್ನು ಅರಿಯದವರ ಮಾತು. ಕೋಟೆ ಹೇಗೂ ಬೀಳುತ್ತಿತ್ತು. ಅದರೊಡನೆ ಒಂದು ಕಲಂಕವೂ ಉಳಿಯುತ್ತಿತ್ತು.

ಇನ್ನು ಉತ್ತರಾರ್ಧ. ಎಲಿಯಟ್ಟನು ೧೮೩೩ರ ವರೆಗೂ ಈ ಸೀಮೆಯಲ್ಲಿಯೇ ಅಧಿಕಾರಿಯಾಗಿದ್ದನು. ಬೇಟೆಯ ಹುಚ್ಚಿನವನು, ಇಲ್ಲಿಯ ಕಾಡುಪ್ರಾಣಿಗಳ ಮೇಲೆಯೂ ಒಂದು ಲೇಖನವನ್ನು ಪ್ರಕಟಿಸಿದನು. ಅದಕ್ಕಿಂತ ದೊಡ್ಡ ಹುಚ್ಚು ಶಾಸನಗಳದಾಗಿತ್ತು. ಗುಡಿಯ ಗೋಡೆಗೆ ಒರಗಿದ, ಹೊಲದ ಬದುವಿನಲ್ಲಿ ಹೂತ, ಅಗಸೆಯ ಬಳಿ ಎಣ್ಣೆ ಹಚ್ಚಿಸಿಕೊಂಡು ನಿಂತ ಕನ್ನಡ ಶಿಲಾಲೇಖಗಳನ್ನು ಆಗ ಕೇಳುವವರಿರಲಿಲ್ಲ. ಅಂಥವುಗಳ ಪ್ರತಿ ಮಾಡಿಸಿ ಅವನು ೫೯೫ ಶಾಸನಗಳ ಸಂಗ್ರಹವನ್ನು ಕಟ್ಟಿದನು. ಅವುಗಳ ಆಧಾರದಿಂದ ಬರೆದ ಅವನ ಪ್ರಬಂಧವು ೧೮೩೭ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ದೇವಗಿರಿಯ ಯಾದವರು, ಹೊಯ್ಸಳರು, ಈ ನಾಲ್ಕು ಮನೆತನಗಳ ಚರಿತ್ರೆಯನ್ನು ಅದರಲ್ಲಿ ಶಿಲಾಲೇಖಗಳಿಂದ ನಿರೂಪಿಸಲಾಗಿತ್ತು. ಮುಂದೆ ಫ್ಲೀಟನು ಕನ್ನಡ ನಾಡಿನ ರಾಜವಂಶಗಳನ್ನು ಬರೆಯುವಾಗ ಆ ಸಂಗ್ರಹವನ್ನು ಬಳಸಿಕೊಂಡನು.

ಕಳಚುರಿಗಳೆಂದರೆ ಬಿಜ್ಜಳನ ಮನೆತನ. ಬಿಜ್ಜಳನೆಂದರೆ ಬಸವಣ್ಣನವರ ಕಾಲ. ಶರಣರ ಕಾಲವನ್ನು ಪುರಾಣಗಳ ಹೇಳಿಕೆಯಿಂದ ಮಾತ್ರವಲ್ಲ, ಕಲ್ಲಿನ ಬರಹದಿಂದಲೂ ತಾಳೆ ನೋಡುವ ದಾರಿಯನ್ನು ಮೊದಮೊದಲು ತೆರೆದವರಲ್ಲಿ, ಲಿಂಗವಂತ ರಾಣಿಯೊಬ್ಬಳ ಕೋಟೆಯಲ್ಲಿ ಸೆರೆಯಾಗಿ ಬದುಕಿ ಹೊರಬಂದ ಈ ಪರಕೀಯನೂ ಒಬ್ಬನು! ಕಟ್ಟುಕಥೆಯಾಗಿದ್ದರೆ ನಂಬುತ್ತಿರಲಿಲ್ಲ.

ಆದುದರಿಂದ ದಯೆ ಫಲಿಸಿತು, ಎಂದು ಹೇಳಿ ಮುಗಿಸುವುದು ಸುಲಭ. ಹಾಗೆ ಹೇಳಲು ನನ್ನ ಮನಸ್ಸು ಒಪ್ಪದು. ಆ ಸ್ಟೀವನ್‌ಸನ್ನನ ಗತಿಯೇನು? ಅವನ ಹೆಸರಿನಲ್ಲಿ ನಮಗೆ ಶಾಸನವಿಲ್ಲ, ಗ್ರಂಥವಿಲ್ಲ, ಯಾವ ಉಪಕಾರವೂ ಇಲ್ಲ. ಹಾಗಾದರೆ ಅವನನ್ನು ಬದುಕಿಸಿದುದು ವ್ಯರ್ಥವಾಯಿತೆ? ಎಲಿಯಟ್ಟನನ್ನು ಉಳಿಸಿದುದು ಸರಿ, ಸ್ಟೀವನ್‌ಸನ್ನನನ್ನು ಉಳಿಸಿದುದು ನಷ್ಟ, ಎಂದು ಯಾವನಾದರೂ ಲೆಕ್ಕ ಬರೆದರೆ ಅದು ದಯೆಯ ಲೆಕ್ಕವಲ್ಲ, ಬಡ್ಡಿಯ ಲೆಕ್ಕ. ಕೋಟೆಯ ಕಾವಲುಗಾರನ ಕಣ್ಣಿಗೆ ಅಂದು ಇಬ್ಬರೂ ಒಂದೇ ಆಗಿದ್ದರು: ಹೆದರಿದ ಇಬ್ಬರು ಹುಡುಗರು.

ಶರಣರು ದಾನವನ್ನೂ ದಾಸೋಹವನ್ನೂ ಬೇರೆ ಮಾಡಿದುದು ಇದೇ ಕಾರಣಕ್ಕಾಗಿ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ. ತೆಗೆದುಕೊಂಡವನು ಯೋಗ್ಯನೋ ಅಲ್ಲವೋ, ತನಗೆ ಪುಣ್ಯ ಎಷ್ಟು ಬಂದಿತು, ಎಂದು ಎಣಿಸುತ್ತಾನೆ. ದಾಸೋಹದಲ್ಲಿ ಆ ಎಣಿಕೆಯೇ ಇಲ್ಲ. ತುರುಗಳ್ಳರು ಬಸವಣ್ಣನವರ ಮನೆಯ ಹಸುಗಳನ್ನು ಹೊಡೆದುಕೊಂಡು ಹೋದಾಗ, ಕರುಗಳು ತಾಯಿಯಿಲ್ಲದೆ ಬಳಲುವವೆಂದು ಅವುಗಳನ್ನೂ ಹಿಂದೆಯೇ ಅಟ್ಟಿಸಿದರೆಂಬ ಪ್ರತೀತಿಯನ್ನು ನಾವೆಲ್ಲ ಕೇಳಿದ್ದೇವೆ. ಆ ಕಳ್ಳರು ಮುಂದೆ ಭಕ್ತರಾದರೋ, ಮತ್ತೊಂದು ಊರಿನ ಹಟ್ಟಿಗೆ ನುಗ್ಗಿದರೋ ಎಂಬುದು ಈ ಕಥೆಗೆ ಮುಖ್ಯವಲ್ಲ. ಮುಖ್ಯವಾದುದು ಹಸಿದ ಕರು. ಸಂಸಾರಿಗಳಾದ ನಮಗೆ ಇದು ದೂರದ ಮಾತೆನಿಸಬಹುದು. ಆದರೆ ಹೊಲದ ಬದುವಿನ ವ್ಯಾಜ್ಯದಲ್ಲಿ ಸೋತ ದಾಯಾದಿಯು ಬೀಜಕ್ಕೆ ಕಾಳು ಬೇಡಿ ನಮ್ಮ ಕಟ್ಟೆಗೆ ಬಂದು ಕುಳಿತ ದಿನ ನಾವೂ ಕೈಗೆ ಸಿಕ್ಕ ವೈರಿಯನ್ನು ಕಂಡಂತೆಯೇ ಸರಿ. ಅಂದು ನಮ್ಮ ಮನಸ್ಸು ಯಾವ ಲೆಕ್ಕವನ್ನು ತೆರೆಯುತ್ತದೆಂಬುದನ್ನು ಅವರವರೇ ನೋಡಿಕೊಳ್ಳಬೇಕು.

ಉಪಕಾರವು ಮಾಡಿದವರ ಮನೆಗೇ ತಿರುಗಿ ಬರುತ್ತದೆಂಬ ಮಾತಂತೂ ಇಲ್ಲಿ ಪೂರಾ ಸುಳ್ಳಾಯಿತು. ಸೆರೆಯಾಳುಗಳು ಹಲವು ವಾರಗಳಲ್ಲಿ ಬಿಡುಗಡೆ ಹೊಂದಿದರು. ಅವರನ್ನು ಬಿಟ್ಟ ರಾಣಿಗೆ ಬಿಡುಗಡೆ ಎಂದೂ ಬರಲಿಲ್ಲ. ನಾಲ್ಕು ವರ್ಷಗಳಿಗೂ ಮಿಕ್ಕಿ ಬೈಲಹೊಂಗಲದ ಕೋಟೆಯಲ್ಲಿದ್ದು ೧೮೨೯ರ ಫೆಬ್ರುವರಿಯಲ್ಲಿ ಅಲ್ಲಿಯೇ ಲಿಂಗೈಕ್ಯಳಾದಳು. ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಎಲಿಯಟ್ಟನಾದರೋ ಮದ್ರಾಸ ಸರಕಾರದ ಕೌನ್ಸಿಲಿನ ವರೆಗೆ ಏರಿದನು. ಅಮರಾವತಿಯ ಸ್ತೂಪವನ್ನು ಅಗೆಯಿಸಿ ತೆಗೆಸಿದ ಶಿಲ್ಪಗಳು ಕೊನೆಗೆ ಲಂಡನ್ನಿಗೆ ಸಾಗಿದವೆಂಬುದನ್ನೂ ಅವನ ಲೆಕ್ಕಕ್ಕೆ ಹಿಡಿಯಬೇಕು. ಅವನನ್ನು ಋಷಿಯೆಂದು ಕೊಂಡಾಡುವುದು ನನ್ನ ಉದ್ದೇಶವಲ್ಲ.

ಮುಪ್ಪಿನಲ್ಲಿ ಅವನ ಕಣ್ಣು ಬಹುಮಟ್ಟಿಗೆ ಹೋಗಿದ್ದಿತು. ದಕ್ಷಿಣದೇಶದ ನಾಣ್ಯಗಳ ಮೇಲಿನ ಅವನ ಗ್ರಂಥವು ಆ ಸ್ಥಿತಿಯಲ್ಲಿಯೇ ಹೊರಬಂದಿತು. ೧೮೮೭ರ ಮಾರ್ಚ್ ೧ರಂದು ಅವನು ಸ್ಕಾಟ್ಲೆಂಡಿನಲ್ಲಿ ತೀರಿಕೊಂಡನು. ಅಂದು ಬೆಳಗಿನಲ್ಲಿ ಕೂಡ ತಿರುಕ್ಕುರಳಿನ ಹೊಸ ಮುದ್ರಣದ ವಿಷಯವಾಗಿ ಪೋಪ್ ಪಂಡಿತನಿಗೆ ಒಂದು ಪತ್ರವನ್ನು ಹೇಳಿ ಬರೆಯಿಸಿ, ತನ್ನ ಕೈಯಿಂದಲೇ ರುಜು ಹಾಕಿದ್ದನು.