ದುಡಿಮೆಯ ಋಣವೂ ರಾಜ್ಯದ ಕಟ್ಟಳೆಯೂ

ಮನೆಗೆ ಬಾಗಿಲು ಹೇಗೋ ರಾಜ್ಯಕ್ಕೆ ಎಲ್ಲೆಯೂ ಹಾಗೆಯೇ. ಬಾಗಿಲಿಲ್ಲದ ಮನೆಯಲ್ಲಿ ಗೃಹಸ್ಥನು ನೆಮ್ಮದಿಯಿಂದ ಮಲಗಲಾರನು. ಎಲ್ಲೆಯಿಲ್ಲದ ರಾಜ್ಯದಲ್ಲಿ ಕಟ್ಟಳೆಯು ನಿಲ್ಲಲಾರದು. ಯಾರನ್ನು ಒಳಕ್ಕೆ ಬರಗೊಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬುದನ್ನು ನಿರ್ಣಯಿಸುವ ಅಧಿಕಾರವು ಪ್ರತಿಯೊಂದು ರಾಷ್ಟ್ರಕ್ಕೂ ಉಂಟೆಂಬುದನ್ನು ಸುಲಭವಾಗಿ ಅಲ್ಲಗಳೆಯಲಾಗದು. ಆದರೆ ಅನುಮತಿಯಿಲ್ಲದೆ ಒಳಹೊಕ್ಕವನೊಬ್ಬನು ಇಪ್ಪತ್ತು ವರುಷ ಆ ಮನೆಯ ಹೊಲದಲ್ಲಿ ದುಡಿದು, ಮನೆಯವರು ಅವನು ಬೆಳೆದುದನ್ನು ದಿನದಿನವೂ ಉಂಡು, ಆಮೇಲೊಂದು ದಿನ ‘ನೀನು ಯಾರು?’ ಎಂದು ಕೇಳಿದರೆ, ಆ ಪ್ರಶ್ನೆಗೆ ಧರ್ಮಸಮ್ಮತವಾದ ಉತ್ತರವೇನು? ಅವನು ಕಳ್ಳನೋ, ಅತಿಥಿಯೋ, ಮನೆಯವನೋ? ಅಮೆರಿಕದ ಸಂಯುಕ್ತ ಸಂಸ್ಥಾನಗಳು ಈ ಪ್ರಶ್ನೆಯನ್ನು ಹಲವು ದಶಕಗಳಿಂದ ಚರ್ಚಿಸುತ್ತಿದ್ದರೂ ನಿರ್ಣಯವು ಇನ್ನೂ ದೊರೆತಿಲ್ಲ.

ಇದು ದೂರದೇಶದ ಜಗಳವೆಂದು ಕನ್ನಡಿಗರಿಗೆ ತೋರಬಹುದು. ಆದರೆ ೨೦೨೫ನೆಯ ಫೆಬ್ರವರಿ ೫ರಂದು ೧೦೪ ಮಂದಿ ಭಾರತೀಯರು, ಅವರಲ್ಲಿ ಹಲವರು ಕೈಕಾಲುಗಳಿಗೆ ಸಂಕೋಲೆ ತೊಡಿಸಿಕೊಂಡು, ಅಮೆರಿಕದ ಸೈನಿಕ ವಿಮಾನದಲ್ಲಿ ಅಮೃತಸರಕ್ಕೆ ಬಂದಿಳಿದರು. ಇನ್ನೊಂದು ಕಡೆ, ಬೆಂಗಳೂರು ಮೈಸೂರುಗಳಿಂದ ಕ್ರಮವಾದ ರಹದಾರಿಯೊಡನೆ ಹೋದ ಎಂಜಿನಿಯರರು ಶಾಶ್ವತ ನಿವಾಸದ ಪತ್ರಕ್ಕಾಗಿ ಹತ್ತಾರು ವರುಷ ಕಾಯುತ್ತಿದ್ದಾರೆ. ಒಂದೇ ಬಾಗಿಲಿನ ಮುಂದೆ ನಿಂತ ಈ ಎರಡು ಬಗೆಯವರ ನಡುವೆ ನ್ಯಾಯವನ್ನು ಹೇಗೆ ಹಂಚಬೇಕೆಂಬುದು ಇಲ್ಲಿಯ ವಿದ್ಯಾವಂತ ಕುಟುಂಬಗಳೂ ವಿಚಾರಿಸತಕ್ಕ ವಿಷಯವೇ ಆಗಿದೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಅನುಮತಿಪತ್ರವಿಲ್ಲದೆ ಆ ದೇಶದಲ್ಲಿ ವಾಸಿಸುವವರು ಒಂದು ಕೋಟಿಗೂ ಮಿಕ್ಕಿರುವರೆಂದು ಎಣಿಕೆ. ಅವರೆಲ್ಲರೂ ಗಡಿಯನ್ನು ಕದ್ದು ದಾಟಿದವರಲ್ಲ; ಅನುಮತಿಯೊಡನೆ ಬಂದು, ಅದರ ಅವಧಿಯು ತೀರಿದ ಮೇಲೂ ಉಳಿದವರು ಬಹುಮಂದಿ. ಹೊಲಗಳಲ್ಲಿ ಬೆಳೆ ಕೊಯ್ಯುವ ಕೂಲಿಗಳಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಇಂಥವರೆಂದು ಆ ಸರ್ಕಾರದ ಕಾರ್ಮಿಕ ಇಲಾಖೆಯ ಸಮೀಕ್ಷೆಗಳೇ ತಿಳಿಸಿವೆ. ಮನೆ ಕಟ್ಟುವಲ್ಲಿ, ಹೋಟೆಲಿನ ಪಾತ್ರೆ ತೊಳೆಯುವಲ್ಲಿ, ವೃದ್ಧರ ಶುಶ್ರೂಷೆಯಲ್ಲಿ ಅವರ ಕೈಗಳೇ ಹೆಚ್ಚಾಗಿ ಕಾಣುವುವು. ೧೯೯೬ರಿಂದ ಆ ದೇಶದ ತೆರಿಗೆಯ ಇಲಾಖೆಯು ಇಂಥವರಿಗೂ ದೊರೆಯುವಂತೆ ಒಂದು ಸಂಖ್ಯೆಯನ್ನು ಏರ್ಪಡಿಸಿ ಅವರಿಂದ ವರಮಾನ ತೆರಿಗೆಯನ್ನು ಸ್ವೀಕರಿಸುತ್ತ ಬಂದಿದೆ. ವೃದ್ಧಾಪ್ಯವೇತನದ ನಿಧಿಗೆಂದು ಅನೇಕರ ಕೂಲಿಯಿಂದ ಹಣವನ್ನು ಮುರಿದುಕೊಳ್ಳಲಾಗುತ್ತದೆ. ಅವರ ಸ್ಥಿತಿಯು ಬದಲಾಗದ ಹೊರತು ಆ ಹಣವು ಅವರಿಗೆ ಮರಳಿ ಬರುವಂತಿಲ್ಲ. ೨೦೨೦ನೆಯ ಮಾರ್ಚಿಯಲ್ಲಿ ಮಹಾಮಾರಿಯು ಹಬ್ಬಿದಾಗ ಹೊಲದ ಕೂಲಿಗಳನ್ನು ಅತ್ಯಾವಶ್ಯಕರೆಂದು ಸರ್ಕಾರವು ಸಾರಿತು. ಮಿಕ್ಕವರು ಮನೆಯೊಳಗಿದ್ದಾಗ ಇವರು ಹೊಲಕ್ಕೆ ಹೋದರು. ಒಂದು ಕೈ ಅವರನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿರಲು ಇನ್ನೊಂದು ಕೈ ಅವರನ್ನು ಅಳಿಸಲೆಳಸುತ್ತಿದೆ.

ಈ ಸ್ಥಿತಿಯು ತಾನಾಗಿ ಹುಟ್ಟಿದುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಅಮೆರಿಕವು ಮೆಕ್ಸಿಕೊ ದೇಶದೊಡನೆ ಒಪ್ಪಂದ ಮಾಡಿಕೊಂಡು ಹೊಲಗೆಲಸಕ್ಕೆ ಕೂಲಿಗಳನ್ನು ಕರೆತಂದಿತು. ೧೯೬೪ರ ವರೆಗೆ ನಡೆದ ಆ ಏರ್ಪಾಡಿನಲ್ಲಿ ೪೫ ಲಕ್ಷಕ್ಕೂ ಮಿಕ್ಕ ಕರಾರುಗಳಾದುವು. ಅನಂತರ ಏರ್ಪಾಡು ನಿಂತಿತು. ೧೯೬೫ರ ಕಾಯಿದೆಯು ಅಮೆರಿಕಾ ಖಂಡಗಳಿಂದ ಬರುವವರಿಗೆ ಮೊದಲ ಬಾರಿಗೆ ಒಂದು ಮಿತಿಯನ್ನು ಕಟ್ಟಿತು. ೧೯೭೬ರಲ್ಲಿ ಮೆಕ್ಸಿಕೊವಿಗೂ ಇತರ ದೇಶಗಳಂತೆ ವರ್ಷಕ್ಕೆ ೨೦,೦೦೦ದ ಮಿತಿಯು ಗೊತ್ತಾಯಿತು. ಬಾಗಿಲು ಕಿರಿದಾಯಿತು, ಆದರೆ ಹೊಲವು ಕಿರಿದಾಗಲಿಲ್ಲ. ಬೆಳೆಯು ಕೊಯ್ಯುವ ಕೈಗಳಿಗಾಗಿ ಕಾಯುತ್ತಿತ್ತು. ಕೈಗಳು ಹಿಂದೆ ತಿಳಿದಿದ್ದ ದಾರಿಯಲ್ಲಿಯೇ ಬಂದುವು. ಹಿಂದೆ ಕರಾರಿನ ಕೂಲಿಯೆನ್ನಿಸಿಕೊಂಡವನು ಅದೇ ಕೆಲಸಕ್ಕೆ ಅದೇ ಹೊಲಕ್ಕೆ ಬಂದು ಅಪರಾಧಿಯೆನ್ನಿಸಿಕೊಂಡನು.

ಇಂಥವರಿಗೆ ಕ್ರಮಬದ್ಧವಾದ ಸ್ಥಾನವನ್ನು ಕೊಡಬಾರದೆಂಬ ಪೂರ್ವಪಕ್ಷವು ಹಗುರವಾದುದಲ್ಲ. ಅದನ್ನು ಅದರ ಪೂರ್ಣಬಲದೊಡನೆ ಕೇಳಬೇಕು. ಮೊದಲನೆಯದು ಕಟ್ಟಳೆಯ ಗೌರವ. ನಿಯಮವನ್ನು ಮುರಿದವನಿಗೆ ಆ ಮುರಿತದಿಂದಲೇ ಲಾಭವಾದರೆ, ಪಾಲಿಸಿದವನು ಮೂರ್ಖನೆನಿಸುವನು. ಸಾಲಿನಲ್ಲಿ ನಿಂತು ಕಾಯುವವನನ್ನು ದಾಟಿ, ಬೇಲಿ ಹಾರಿದವನು ಮುಂದೆ ಹೋಗುವುದು ಅನ್ಯಾಯವೇ ಸರಿ. ಎರಡನೆಯದು ಕೂಲಿಯ ಪ್ರಶ್ನೆ. ಕಡಮೆ ಕೂಲಿಗೆ ಒಪ್ಪುವವರು ಬಂದರೆ ಅಲ್ಲಿಯ ಬಡವನ ಅನ್ನಕ್ಕೆ ಕುಂದು ಬರುವುದು. ಕ್ಯಾಲಿಫೋರ್ನಿಯದ ಕೃಷಿಕಾರ್ಮಿಕರ ಸಂಘವು, ತನ್ನ ಸದಸ್ಯರಲ್ಲಿ ಬಹುಮಂದಿ ಮೆಕ್ಸಿಕೊ ಮೂಲದವರಾಗಿದ್ದರೂ, ಮುಷ್ಕರವನ್ನು ಮುರಿಯಲು ಕರೆತಂದ ಅನುಮತಿರಹಿತ ಕೂಲಿಗಳನ್ನು ೧೯೭೦ರ ದಶಕದಲ್ಲಿ ಬಲವಾಗಿ ವಿರೋಧಿಸಿತ್ತು. ಮೂರನೆಯದು ಅನುಭವದ ಪಾಠ. ೧೯೮೬ರ ನವೆಂಬರಿನಲ್ಲಿ ಅಧ್ಯಕ್ಷ ರೀಗನ್ನರು ಸಹಿಹಾಕಿದ ಕಾಯಿದೆಯಿಂದ ಸುಮಾರು ೨೭ ಲಕ್ಷ ಮಂದಿಗೆ ಕ್ರಮಬದ್ಧ ಸ್ಥಾನವು ದೊರೆಯಿತು. ಇದೇ ಕೊನೆಯೆಂದು ಆಗ ಹೇಳಿದರು. ಅನುಮತಿಯಿಲ್ಲದವರ ಸಂಖ್ಯೆಯು ಮುಂದೆ ಅದಕ್ಕೆ ಹಲವು ಪಾಲಾಯಿತು. ಕ್ಷಮೆಯೇ ಮುಂದಿನ ತಪ್ಪಿಗೆ ಆಹ್ವಾನವಾಗದೆ?

ಸಿದ್ಧಾಂತವನ್ನು ಹುಡುಕುವವರಿಗೆ ಕನ್ನಡ ನಾಡಿನಲ್ಲಿಯೇ ಹುಟ್ಟಿದ ಒಂದು ವಿಚಾರವು ನೆರವಾಗುತ್ತದೆ. ಒಡೆಯನು ಕಣ್ಣಾರೆ ಕಾಣುತ್ತಿದ್ದೂ ಮಾತನಾಡದಿರಲು, ಪರನು ಅವನ ಭೂಮಿಯನ್ನು ಇಪ್ಪತ್ತು ವರುಷ ಅನುಭವಿಸಿದರೆ ಒಡೆಯನಿಗೆ ಹಾನಿಯೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಇದಕ್ಕೆ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಎಚ್ಚರಿಕೆಯಿಂದ ಅರ್ಥ ಹೇಳುತ್ತಾನೆ. ಕಾಲವು ಕಳೆದ ಮಾತ್ರಕ್ಕೆ ಒಡೆತನವು ಹೋಗದು. ಒಡೆಯನು ಕಳೆದುಕೊಳ್ಳುವುದು ಆ ಕಾಲದ ಫಲವನ್ನು ಮಾತ್ರ ಎಂಬುದು ಅವನ ಅಭಿಪ್ರಾಯ. ಇಲ್ಲಿ ಎರಡು ತತ್ತ್ವಗಳಿವೆ. ತಪ್ಪು ಹಳೆಯದಾದ ಮಾತ್ರಕ್ಕೆ ಸರಿಯಾಗದೆಂಬುದು ಒಂದು. ಇದು ಪೂರ್ವಪಕ್ಷಕ್ಕೆ ಅನುಕೂಲವಾದುದು. ಕಂಡೂ ಕಾಣದಂತೆ ಸುಮ್ಮನಿದ್ದವನು ಏನೂ ಅರಿಯದವನಂತೆ ದೂರು ಹೇಳಲಾರನೆಂಬುದು ಇನ್ನೊಂದು. ಮೌನಕ್ಕೂ ಒಂದು ಬೆಲೆ ತೆರಬೇಕಾಗುತ್ತದೆ.

ಆದರೆ ಸ್ಮೃತಿಯ ಉದಾಹರಣೆಗೂ ಈ ಪ್ರಕರಣಕ್ಕೂ ಒಂದು ಮುಖ್ಯವಾದ ಭೇದವುಂಟು. ಸ್ಮೃತಿಯಲ್ಲಿ ಪರನೇ ಒಡೆಯನ ಭೂಮಿಯ ಫಲವನ್ನು ಉಂಡವನು. ಇಲ್ಲಿಯಾದರೋ ಭೂಮಿಯ ಒಡೆಯನೇ ಪರನ ದುಡಿಮೆಯ ಫಲವನ್ನು ಉಂಡಿದ್ದಾನೆ. ಉಂಡ ಮನೆಯ ಜಂತೆ ಎಣಿಸಬಾರದೆಂಬ ಗಾದೆಯನ್ನು ಸಾಮಾನ್ಯವಾಗಿ ಅತಿಥಿಗೆ ಹೇಳುವುದುಂಟು. ಇಲ್ಲಿ ಅದನ್ನು ಮನೆಯ ಯಜಮಾನನಿಗೇ ಹೇಳಬೇಕಾಗಿದೆ. ಸುಮ್ಮನಿದ್ದುದರಿಂದಲೇ ಒಡೆಯನ ಹಕ್ಕಿಗೆ ಕುಂದು ಬರುವುದಾದರೆ, ಸುಮ್ಮನಿದ್ದುದಲ್ಲದೆ ಫಲವನ್ನೂ ಉಂಡವನಿಗೆ ಋಣವು ಅಂಟದಿರುವುದೆಂತು?

ಆ ಮೌನವು ಅಜ್ಞಾನದಿಂದ ಬಂದುದೂ ಅಲ್ಲ. ಅನುಮತಿಯಿಲ್ಲದವರನ್ನು ತಿಳಿದೂ ತಿಳಿದೂ ಕೆಲಸಕ್ಕಿಟ್ಟುಕೊಳ್ಳುವುದು ಅಪರಾಧವೆಂದು ೧೯೮೬ರ ಕಾಯಿದೆಯೇ ವಿಧಿಸಿತು. ಆದರೆ ಕೂಲಿಯು ತೋರಿಸಿದ ಪತ್ರವು ಮೇಲುನೋಟಕ್ಕೆ ನಿಜವಾದುದೆಂದು ಕಂಡರೆ ಒಡೆಯನು ನಿರ್ದೋಷಿಯಾಗುವಂತೆ ಅದನ್ನು ರಚಿಸಿದುದರಿಂದ, ದಂಡಕ್ಕೆ ಗುರಿಯಾದ ಒಡೆಯರು ವಿರಳ. ೨೦೨೫ನೆಯ ಜೂನ್ ತಿಂಗಳಲ್ಲಿ, ಶೋಧನೆ ಬಂಧನಗಳು ತೀವ್ರವಾಗಿ ನಡೆಯುತ್ತಿದ್ದಾಗ, ಹೊಲಗಳಲ್ಲಿಯೂ ಹೋಟೆಲುಗಳಲ್ಲಿಯೂ ಅವನ್ನು ನಿಲ್ಲಿಸಬೇಕೆಂಬ ಆಜ್ಞೆಯು ಹೊರಟು ಕೆಲವೇ ದಿನಗಳಲ್ಲಿ ಹಿಂತೆಗೆಯಲ್ಪಟ್ಟಿತು. ಇವರಿಲ್ಲದೆ ಬೆಳೆಯು ಮನೆಗೆ ಬಾರದೆಂಬುದನ್ನು ಆಳುವವರು ಬಲ್ಲರೆಂಬುದಕ್ಕೆ ಬೇರೆ ಸಾಕ್ಷಿಯು ಬೇಕಿಲ್ಲ. ತಪ್ಪನ್ನು ಇಬ್ಬರು ಕೂಡಿ ಮಾಡಿರಲು ಒಬ್ಬನನ್ನು ಮಾತ್ರ ದಂಡಿಸುವ ಕಟ್ಟಳೆಗೆ ಗೌರವವು ಎಲ್ಲಿಂದ ಬರಬೇಕು? ಕಟ್ಟಳೆಯ ಗೌರವವನ್ನು ಬಯಸುವವರು ಮೊದಲು ಬಯಸಬೇಕಾದುದು ಈ ಪಕ್ಷಪಾತದ ನಿವಾರಣೆಯನ್ನು.

ಕೂಲಿಯ ಆಕ್ಷೇಪಕ್ಕೂ ಉತ್ತರವು ಇಲ್ಲಿಯೇ ಇದೆ. ಕೂಲಿಯ ದರವನ್ನು ತಗ್ಗಿಸುವುದರಲ್ಲಿ ಪರದೇಶದವನ ನಿಸ್ಸಹಾಯತೆಯ ಪಾಲು ದೊಡ್ಡದು. ದೂರು ಕೊಟ್ಟರೆ ಗಡೀಪಾರಾಗುವೆನೆಂದು ಹೆದರುವವನು ಎಷ್ಟು ಕೊಟ್ಟರೂ ತೆಗೆದುಕೊಳ್ಳುವನು. ಸಂಘ ಕಟ್ಟಲು ಹೋಗಿ ಅನ್ಯಾಯವಾಗಿ ಕೆಲಸ ಕಳೆದುಕೊಂಡವನಾದರೂ ಅನುಮತಿಯಿಲ್ಲದವನಾದರೆ ಅವನಿಗೆ ಬಾಕಿ ಕೂಲಿಯ ಪರಿಹಾರವು ಸಲ್ಲದೆಂದು ಆ ದೇಶದ ಸರ್ವೋಚ್ಚ ನ್ಯಾಯಸ್ಥಾನವು ೨೦೦೨ರಲ್ಲಿ ತೀರ್ಪಿತ್ತಿತು. ನ್ಯಾಯವನ್ನು ಕೇಳಲಾರದವನೇ ಒಡೆಯನಿಗೆ ಅಗ್ಗವಾಗುವನಾದುದರಿಂದ, ಪಕ್ಕದಲ್ಲಿ ದುಡಿಯುವ ಸ್ವದೇಶದ ಬಡವನೂ ಅಗ್ಗವಾಗುವನು. ಹಿಂದೆ ಇಂಥವರನ್ನು ವಿರೋಧಿಸಿದ ಆ ಕೃಷಿಕಾರ್ಮಿಕರ ಸಂಘವೇ ಮುಂದೆ ಇವರಿಗೆ ಕ್ರಮಬದ್ಧ ಸ್ಥಾನವನ್ನು ಕೊಡಬೇಕೆಂದು ವಾದಿಸತೊಡಗಿದುದರ ಮರ್ಮವು ಇದೇ.

ಇನ್ನು ಸಾಲಿನಲ್ಲಿ ಕಾಯುವವರ ಮಾತು. ಇದೇ ಎಲ್ಲಕ್ಕಿಂತ ಕಠಿನವಾದ ಆಕ್ಷೇಪವು. ಕನ್ನಡದ ಅನೇಕ ಕುಟುಂಬಗಳ ನೋವೂ ಇದರಲ್ಲಿ ಸೇರಿದೆ. ೧೯೯೦ರ ಕಾಯಿದೆಯಂತೆ ಉದ್ಯೋಗದ ಮೂಲಕ ವರ್ಷಕ್ಕೆ ಸುಮಾರು ೧,೪೦,೦೦೦ ಶಾಶ್ವತ ನಿವಾಸದ ಪತ್ರಗಳು ಮಾತ್ರ ದೊರೆಯುವುವು. ಹೆಂಡತಿ ಮಕ್ಕಳೂ ಆ ಎಣಿಕೆಯಲ್ಲಿಯೇ ಸೇರುವರು. ಒಂದು ದೇಶದವರಿಗೆ ಸಾಮಾನ್ಯವಾಗಿ ನೂರಕ್ಕೆ ಏಳಕ್ಕಿಂತ ಹೆಚ್ಚು ಸಲ್ಲವು. ಅದರಿಂದ ಭಾರತೀಯರ ಸಾಲು ಬೆಳೆಯುತ್ತಲೇ ಹೋಗಿ, ತಂದೆಗೆ ಸರದಿ ಬರುವ ಮೊದಲೇ ಮಗನಿಗೆ ೨೧ ವರುಷ ತುಂಬಿ ಅವನು ಸಾಲಿನಿಂದ ಹೊರಬೀಳುವುದುಂಟು. ಇಂಥವನು ಬೇಲಿ ಹಾರಿದವನ ಮೇಲೆ ಕೋಪಗೊಂಡರೆ ಅದು ಸಹಜವೇ. ಆದರೆ ಅವನ ಎಡೆಯನ್ನು ಕಸಿದವನು ಹೊಲದ ಕೂಲಿಯಲ್ಲ. ಇಬ್ಬರನ್ನೂ ತಡೆದುದು ಒಂದೇ ಹಳೆಯ ಕಟ್ಟಳೆ. ೨೦೧೩ನೆಯ ಜೂನಿನಲ್ಲಿ ೬೮ಕ್ಕೆ ೩೨ ಮತಗಳಿಂದ ಸೆನೆಟ್ ಸಭೆಯು ಒಪ್ಪಿದ ಮಸೂದೆಯು ಇದಕ್ಕೆ ಸಾಕ್ಷಿ. ಅನುಮತಿಯಿಲ್ಲದವರು ದಂಡವನ್ನೂ ಬಾಕಿ ತೆರಿಗೆಯನ್ನೂ ತೆತ್ತು, ೧೩ ವರುಷ ಕಾದು ಪೌರತ್ವವನ್ನು ಪಡೆಯಬಹುದೆಂದೂ, ಮೊದಲಿನಿಂದ ಸಾಲಿನಲ್ಲಿದ್ದವರ ಸರದಿಯು ಅದಕ್ಕೆ ಮುಂಚೆಯೇ ತೀರಬೇಕೆಂದೂ ಅದು ವಿಧಿಸಿತ್ತು. ಉದ್ಯೋಗದ ಪತ್ರಗಳಿಗಿದ್ದ ದೇಶವಾರು ಮಿತಿಯನ್ನೂ ಅದೇ ಮಸೂದೆಯು ತೆಗೆದುಹಾಕುತ್ತಿತ್ತು. ಪ್ರತಿನಿಧಿಗಳ ಸಭೆಯು ಅದನ್ನು ಚರ್ಚೆಗೇ ತೆಗೆದುಕೊಳ್ಳಲಿಲ್ಲ. ಆ ದಿನ ಎಂಜಿನಿಯರನೂ ಕೂಲಿಯೂ ಒಟ್ಟಿಗೆ ಸೋತರು.

ಕ್ಷಮೆಯು ತಪ್ಪಿಗೆ ಆಹ್ವಾನವೆಂಬ ಮೂರನೆಯ ಆಕ್ಷೇಪದಲ್ಲಿ ಅರ್ಧಸತ್ಯವಿದೆ. ೧೯೮೬ರಲ್ಲಿ ಹಿಂದಿನದನ್ನು ಮನ್ನಿಸಿದರೇ ಹೊರತು, ಮುಂದೆ ಬೇಕಾಗುವ ಕೈಗಳಿಗೆ ನೇರವಾದ ದಾರಿಯನ್ನು ಸಾಕಷ್ಟು ತೆರೆಯಲಿಲ್ಲ. ಹಳೆಯ ನೀರನ್ನು ಹೊರಚೆಲ್ಲಿ ದೋಣಿಯ ತೂತನ್ನು ಹಾಗೆಯೇ ಬಿಟ್ಟಂತಾಯಿತು. ಇದರಿಂದ ಮನ್ನಣೆಯು ವ್ಯರ್ಥವೆಂದು ಸಾಧಿಸಿದಂತಾಗದು. ಮನ್ನಣೆಯೊಂದೇ ಸಾಲದೆಂದು ಸಾಧಿಸಿದಂತಾಗುವುದು.

ದಂಡಕ್ಕೂ ಬಹಿಷ್ಕಾರಕ್ಕೂ ಇರುವ ಅಂತರವನ್ನು ಇಲ್ಲಿ ನೆನೆಯಬೇಕು. ಧರ್ಮಶಾಸ್ತ್ರಗಳು ತಪ್ಪಿಗೆ ತಕ್ಕಂತೆ ಪ್ರಾಯಶ್ಚಿತ್ತವನ್ನು ವಿಧಿಸುವುವು. ಅದನ್ನು ತೀರಿಸಿದವನು ಮರಳಿ ಪಂಕ್ತಿಗೆ ಸಲ್ಲುವನು. ಕೊನೆಯಿಲ್ಲದ ಶಿಕ್ಷೆಯು ತಿದ್ದುವುದಿಲ್ಲ, ಮನುಷ್ಯನನ್ನು ನೆರಳಾಗಿ ಮಾಡುತ್ತದೆ. ೧೯೯೬ರ ಕಾಯಿದೆಯಂತೆ, ಒಂದು ವರುಷಕ್ಕೆ ಮಿಕ್ಕಿ ಅನುಮತಿಯಿಲ್ಲದೆ ಉಳಿದವನು ದೇಶವನ್ನು ಬಿಟ್ಟು ಹೊರಟರೆ ಹತ್ತು ವರುಷ ಮರಳಿ ಬರುವಂತಿಲ್ಲ. ಹೊರಗೆ ಹೋಗಿ ಕ್ರಮವಾಗಿ ಬರುತ್ತೇನೆನ್ನುವವನನ್ನೇ ಅದು ಹೆಚ್ಚಾಗಿ ಬಾಧಿಸುತ್ತದೆ. ತಿದ್ದಿಕೊಳ್ಳಬೇಕೆನ್ನುವವನಿಗೆ ದಾರಿಯಿಲ್ಲದ ಮೇಲೆ, ತಿದ್ದಿಕೊಳ್ಳಲಿಲ್ಲವೆಂದು ಅವನನ್ನು ನಿಂದಿಸುವುದು ನ್ಯಾಯವಲ್ಲ.

ಅಮೆರಿಕದ ಶಾಸನಕ್ಕೂ ಈ ತತ್ತ್ವವು ಹೊಸದಲ್ಲ. ೧೯೨೧ನೆಯ ಜೂನ್ ೩ಕ್ಕೆ ಮೊದಲು ಬಂದು ನೆಲಸಿದ ಸನ್ನಡತೆಯವರಿಗೆ, ಪ್ರವೇಶದ ದಾಖಲೆಯಿಲ್ಲದಿದ್ದರೂ ಶಾಶ್ವತ ನಿವಾಸವನ್ನು ದಾಖಲಿಸಬಹುದೆಂದು ೧೯೨೯ರ ಕಾಯಿದೆಯು ಅವಕಾಶವಿತ್ತಿತು. ಆ ಗಡುವನ್ನು ಹಲವು ಸಲ ಮುಂದಕ್ಕೆ ಸರಿಸಿ, ೧೯೮೬ರಲ್ಲಿ ೧೯೭೨ನೆಯ ಜನವರಿ ೧ಕ್ಕೆ ತಂದರು. ಅಲ್ಲಿಂದ ಮುಂದೆ ಅದು ಸರಿಯಲಿಲ್ಲ. ಅದರ ಮೊದಲ ಪ್ರಯೋಜನವನ್ನು ಪಡೆದವರು ಬಹುಮಟ್ಟಿಗೆ ಯೂರೋಪಿನಿಂದಲೂ ಕೆನಡಾದಿಂದಲೂ ಬಂದವರು. ಅವರಿಗೆ ಸಂದ ನ್ಯಾಯವು ಬೇರೆ ಮೈಬಣ್ಣದವರಿಗೆ ಸಲ್ಲದೆಂಬುದಕ್ಕೆ ಯುಕ್ತಿಯಿಲ್ಲ. ಕಟ್ಟಳೆಯು ಶಾಶ್ವತವಲ್ಲವೆಂಬುದನ್ನು ಭಾರತೀಯರೂ ಅಲ್ಲಿ ಕಂಡಿದ್ದಾರೆ: ಭಗತ್ ಸಿಂಗ್ ಥಿಂದರ ವ್ಯಾಜ್ಯದಲ್ಲಿ ೧೯೨೩ರಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಾಯಿತು, ೧೯೪೬ರ ಕಾಯಿದೆಯು ಅದೇ ಪೌರತ್ವವನ್ನು ಅವರಿಗೆ ತೆರೆಯಿತು.

ಮಕ್ಕಳ ವಿಷಯದಲ್ಲಿಯಂತೂ ಸಂಶಯಕ್ಕೇ ಎಡೆಯಿಲ್ಲ. ಅನುಮತಿಯಿಲ್ಲದವರ ಮಕ್ಕಳಿಗೆ ಸಾರ್ವಜನಿಕ ಪಾಠಶಾಲೆಯನ್ನು ನಿರಾಕರಿಸುವ ಟೆಕ್ಸಸ್ ಸಂಸ್ಥಾನದ ೧೯೭೫ರ ಶಾಸನವನ್ನು ಸರ್ವೋಚ್ಚ ನ್ಯಾಯಸ್ಥಾನವು ೧೯೮೨ರಲ್ಲಿ ಅಸಿಂಧುವೆಂದಿತು. ತಂದೆತಾಯಿಗಳ ನಡತೆಯ ಭಾರವನ್ನು ಶಿಶುವಿನ ಮೇಲೆ ಹೊರಿಸಲಾಗದೆಂಬುದು ಅದರ ತಿರುಳು. ಹಾಗೆ ಓದಿಸಿ ಬೆಳೆಸಿದ ಮಕ್ಕಳಿಗೆ ಸ್ಥಾನ ಕೊಡುವ ಮಸೂದೆಯು ೨೦೦೧ರಲ್ಲಿ ಮೊದಲು ಬಂದು, ೨೦೧೦ರಲ್ಲಿ ಪ್ರತಿನಿಧಿಗಳ ಸಭೆಯನ್ನು ದಾಟಿಯೂ ಸೆನೆಟ್ಟಿನಲ್ಲಿ ನಿಂತುಹೋಯಿತು. ೨೦೧೨ರ ಆಜ್ಞೆಯೊಂದು ಅವರಲ್ಲಿ ಕೆಲವರಿಗೆ ತಾತ್ಕಾಲಿಕವಾದ ಅಭಯವನ್ನು ಕೊಟ್ಟಿತೇ ಹೊರತು ನೆಲೆಯನ್ನು ಕೊಡಲಿಲ್ಲ. ಅಕ್ಷರ ಕಲಿಸಿದ ದೇಶವೇ ಆ ಅಕ್ಷರದಿಂದ ಬದುಕಲು ಎಡೆಯಿಲ್ಲವೆಂದರೆ, ವಿದ್ಯಾದಾನವು ಅರ್ಧದಲ್ಲಿಯೇ ಉಳಿದಂತೆ.

ಆದುದರಿಂದ ನಿರ್ಣಯವು ಹೀಗಾಗುತ್ತದೆ. ಎಲ್ಲೆಯನ್ನು ಕಾಯುವ ಅಧಿಕಾರವು ರಾಜ್ಯಕ್ಕುಂಟು. ಹಿಂಸೆ ವಂಚನೆಗಳನ್ನು ಮಾಡಿದವನನ್ನು ಹೊರಹಾಕುವ ಅಧಿಕಾರವೂ ಉಂಟು. ಆದರೆ ಹಲವು ವರುಷ ದುಡಿಸಿಕೊಂಡು, ತೆರಿಗೆಯನ್ನು ಪಡೆದು, ಆಪತ್ಕಾಲದಲ್ಲಿ ಅತ್ಯಾವಶ್ಯಕನೆಂದು ಕರೆದು, ಕೊನೆಗೆ ಪರಕೀಯನೆಂದು ನೂಕುವ ಅಧಿಕಾರವು ಯಾವ ಧರ್ಮದಿಂದಲೂ ಹುಟ್ಟದು. ತಪ್ಪಿಗೆ ತಕ್ಕ ದಂಡವನ್ನು ವಿಧಿಸಲಿ. ಕಾಯುತ್ತಿರುವವರನ್ನು ಮೊದಲು ಕರೆಯಲಿ. ಮುಂದೆ ಬೇಕಾಗುವ ಕೂಲಿಗಳಿಗೆ ಹಗಲಿನಲ್ಲಿಯೇ ಬರಬಹುದಾದ ದಾರಿಯನ್ನು ತೆರೆಯಲಿ. ದುಡಿಸಿಕೊಂಡವನಿಗೂ ದುಡಿದವನಿಗೂ ಒಂದೇ ಅಳತೆಯನ್ನು ಹಿಡಿಯಲಿ. ಇವು ಕರುಣೆಯ ಕಾರ್ಯಗಳೆಂದು ಕೆಲವರು ಹೊಗಳುವರು, ಕೆಲವರು ಹಳಿಯುವರು. ನಿಜವಾಗಿ ನೋಡಿದರೆ ಇದು ಕರುಣೆಯ ಮಾತಲ್ಲ, ಲೆಕ್ಕದ ಮಾತು. ಪಡೆದುದನ್ನು ಪಡೆದೆನೆಂದು ಒಪ್ಪಿಕೊಳ್ಳುವುದು ಋಣವನ್ನು ತೀರಿಸುವುದರ ಮೊದಲ ಮೆಟ್ಟಿಲು. ವ್ಯಕ್ತಿಗೆ ಹೇಗೋ ರಾಷ್ಟ್ರಕ್ಕೂ ಹಾಗೆಯೇ.